ಇಲಾಖೆಯ ಸ್ಪೋರ್ಟ್ಸ್ ಕಾರಿನ ಹಿಂಭಾಗ ಮೇಲೇಳದಂತೆ ನೋಡಿಕೊಳ್ಳುವ ಬಗ್ಗೆ

ಕಡತ ಸಾಗಣೆ ಇಲಾಖೆ
ಜಿಲ್ಲಾ ಕಚೇರಿ, ಚಾಮರಾಜನಗರ

ಸಂಖ್ಯೆ: ಕಸಾಇ/ಚಾನ/ವೇಗ-ಸ್ಥಿರತೆ/೧೮/೨೦೨೫-೨೬
ದಿನಾಂಕ: ೧೯-೧೧-೨೦೨೫

ಸುತ್ತೋಲೆ

ವಿಷಯ: ಸ್ಪೋರ್ಟ್ಸ್ ಕಾರು ಅತಿವೇಗದಲ್ಲಿಯೂ ಸ್ಥಿರವಾಗಿ ಚಲಿಸುವಂತೆ ಮಾಡುವ ಕುರಿತು.

ಉಲ್ಲೇಖ: ೧) ಬೇಗೂರಿನ ಇಡ್ಲಿ ಹೋಟೆಲಿನ ಶ್ರೀಮತಿ ದೊಡ್ಡಮಲ್ಲಮ್ಮನವರ ಮೌಖಿಕ ಅರ್ಜಿ (ಒಂಬತ್ತು ಬಾರಿ).
೨) ಗುಂಡ್ಲುಪೇಟೆಯ ಮೆಕ್ಯಾನಿಕ್ ಶ್ರೀ ಯಾಸಿರ್ ಅವರ ವರದಿ.

ಪ್ರಸ್ತಾವನೆ:

ದಿನಾಂಕ ೦೬-೧೧-೨೦೨೫ರ ಬೆಳಿಗ್ಗೆ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಇಳಿದಿದ್ದ ಮಂಜು ಏಳೂವರೆಗೆಲ್ಲ ಕರಗಿ, ಎಳೆಬಿಸಿಲು ಬಿದ್ದು, ಎಲೆಯೂ ಅಲುಗದಷ್ಟು ಗಾಳಿ ಶಾಂತವಾಗಿತ್ತು. ಆದುದರಿಂದ ಅಂದು ಬೇಗೂರಿನ ಬಳಿ ಇಲಾಖೆಯ ಕಾರು ಅಲುಗಾಡಿದ್ದಕ್ಕೆ ಹವಾಮಾನವು ಹೊಣೆಯಲ್ಲವೆಂದು ತೀರ್ಮಾನಿಸಲಾಗಿದೆ.

ಗುಂಡ್ಲುಪೇಟೆ ಮತ್ತು ಬೇಗೂರು ಉಪಕಚೇರಿಗಳಿಗೆ ತುರ್ತು ಕಡತ ಮುಟ್ಟಿಸಲೆಂದು ದಾನಿಯೊಬ್ಬರು ನೀಡಿದ ಸದರಿ ಕೆಂಪು ಕಾರಿನ ಹಿಂಬದಿಯ ಮೇಲೆ ಕಪ್ಪು ಹಲಗೆಯೊಂದಿತ್ತು. ಅದರ ಉಪಯೋಗ ಯಾರಿಗೂ ತಿಳಿಯದ ಕಾರಣ, ಆಯುಧಪೂಜೆಯ ದಿನ ಅದನ್ನು ಬಿಚ್ಚಿ, ಕಚೇರಿಯ ಗೋಡೆಗೆ ಮೊಳೆ ಹೊಡೆದು ಕೂರಿಸಿ, ಅದರ ಮೇಲೆ ಶ್ರೀ ಮಲೆ ಮಹದೇಶ್ವರಸ್ವಾಮಿಯವರ ಪಟವನ್ನು ಇರಿಸಲಾಯಿತು. ಅಂದಿನಿಂದ ಕಾರು ಗಂಟೆಗೆ ನೂರು ಕಿ.ಮೀ. ದಾಟಿದೊಡನೆ ಹಿಂಭಾಗ ಹಗುರಾಗಿ ತೇಲತೊಡಗಿತು. ಮೇಲ್ಕಂಡ ದಿನ ಚಾಲಕ ಶ್ರೀ ಮಾದೇಶ್ ಅವರು, ತಮ್ಮ ತಂದೆಯ ಎತ್ತಿನ ಗಾಡಿಯ ಅನುಭವದ ಮೇರೆಗೆ, ದೊಡ್ಡಮಲ್ಲಮ್ಮನವರ ಹೋಟೆಲಿನ ಹದಿನೆಂಟು ಕೆ.ಜಿ. ರುಬ್ಬುಗುಂಡನ್ನು "ಇಂದ್ಗಡೆ ಬಾರ ಸಾಲ್ದು ಕಣವ್ವ, ನಾಳೀಕೆ ತಂದ್ಕೊಡ್ತೀನಿ" ಎಂದು ಎರವಲು ಪಡೆದು ಕಾರಿನ ಹಿಂದಕ್ಕೆ ಹಗ್ಗದಲ್ಲಿ ಕಟ್ಟಿದರು. ಕಾರು ಸ್ಥಿರವಾಯಿತು. ಹೋಟೆಲು ನಿಂತಿತು.

ಈ ಹಿನ್ನೆಲೆಯಲ್ಲಿ ಎಲ್ಲ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ:

೧. ಸದರಿ ಗುಂಡನ್ನು ವಾಹನದ ಬಿಡಿಭಾಗವೆಂದು ಪರಿಗಣಿಸತಕ್ಕದ್ದು. ಅದಕ್ಕೆ ಸೋಮವಾರಗಳಂದು ವಿಭೂತಿ ಹಚ್ಚಲು ಅಡ್ಡಿಯಿಲ್ಲ. ಎಣ್ಣೆ ಹಚ್ಚಿದಲ್ಲಿ ಹಗ್ಗದಿಂದ ಜಾರುವುದರಿಂದ ಅದನ್ನು ನಿಷೇಧಿಸಲಾಗಿದೆ.

೨. ಗುಂಡು ಲಭ್ಯವಿಲ್ಲದ ದಿನ ಸಮಾನ ತೂಕದ ಕಡತಗಳನ್ನು ಕಟ್ಟತಕ್ಕದ್ದು. ಇತ್ಯರ್ಥವಾದ ಕಡತಗಳು ತೂಕಕ್ಕೆ ಸಾಲುವಷ್ಟು ಇಲ್ಲದಿರುವುದರಿಂದ ಬಾಕಿ ಕಡತಗಳನ್ನೇ ಬಳಸತಕ್ಕದ್ದು. ಸುರಕ್ಷತೆಯ ದೃಷ್ಟಿಯಿಂದ ಯಾವ ಕಡತವನ್ನೂ ಅವಸರದಲ್ಲಿ ಇತ್ಯರ್ಥಪಡಿಸಬಾರದು.

೩. ಎರಡೂ ಇಲ್ಲದಿದ್ದಲ್ಲಿ ದ್ವಿತೀಯ ದರ್ಜೆ ಸಹಾಯಕ ಶ್ರೀ ಮರಿಯಯ್ಯನವರು ಕಾರಿನ ಹಿಂಭಾಗದ ಮೇಲೆ ಕೂರತಕ್ಕದ್ದು. ಹೊರಡುವ ಮುನ್ನ ಎರಡು ಮುದ್ದೆಗೆ ಕಡಿಮೆಯಿಲ್ಲದಂತೆ ಉಂಡಿರತಕ್ಕದ್ದು. ಅವರು ಉಪವಾಸವಿರುವ ದಿನ ಅದಕ್ಕೆ ತಕ್ಕಂತೆ ವೇಗವನ್ನು ಇಳಿಸತಕ್ಕದ್ದು.

೪. ಬಂಡೀಪುರದ ರಸ್ತೆಯಲ್ಲಿ ಆನೆ ಎದುರಾದಾಗ ಕಾರು ನಿಂತಿರುತ್ತದೆ. ಇದುವರೆಗಿನ ಅತ್ಯುತ್ತಮ ಸ್ಥಿರತೆ ಆಗಲೇ ದಾಖಲಾಗಿದೆ. ಆದರೂ ಈ ಉದ್ದೇಶಕ್ಕಾಗಿ ಆನೆಯನ್ನು ಕೋರಿ ಅರಣ್ಯದವರಿಗೆ ಯಾರೂ ಪತ್ರ ಬರೆಯಬಾರದು. ಈಗಾಗಲೇ ಬರೆದಿದ್ದ ಪತ್ರವನ್ನು ಹಿಂಪಡೆಯಲಾಗಿದೆ.

೫. ಶ್ರೀ ಯಾಸಿರ್ ಅವರು ಕಾರನ್ನು ಪರಿಶೀಲಿಸಿ ನೀಡಿದ ವರದಿ ಹೀಗಿದೆ: "ಓಡೋವಾಗ ಗಾಳಿ ಆ ಹಲಗೆ ಮೇಲೆ ಬಿದ್ದು ಗಾಡೀನ ನೆಲಕ್ಕೆ ಅದುಮ್ತದೆ ಸಾರ್. ಅದನ್ನ ಬಿಚ್ಚಾಕಿ ಕಲ್ಲು ಕಟ್ಟವ್ರಲ್ಲ, ಯಾವ್ ಪುಣ್ಯಾತ್ಮಂದು ಸಾರ್ ಈ ಐಡಿಯಾ?" ವರದಿಯ ಮೊದಲ ವಾಕ್ಯವನ್ನು ಅಂಗೀಕರಿಸಲಾಗಿದೆ. ಆದರೆ ಹಲಗೆಯನ್ನು ಮರಳಿ ಜೋಡಿಸಲು ಸ್ವಾಮಿಯವರನ್ನು ಕೆಳಗಿಳಿಸಬೇಕಾಗುತ್ತದೆ. ಹಾಗೆ ಇಳಿಸುವ ಅಧಿಕಾರ ಯಾವ ಹುದ್ದೆಗಿದೆಯೆಂದು ವಿಚಾರಿಸಲಾಗಿ, ಯಾವ ಹುದ್ದೆಯೂ ಮುಂದೆ ಬಂದಿರುವುದಿಲ್ಲ.

೬. ದಿನಾಂಕ ೧೭-೧೧-೨೦೨೫ರಂದು ಶ್ರೀಮತಿ ದೊಡ್ಡಮಲ್ಲಮ್ಮನವರು ಖುದ್ದು ಕಚೇರಿಗೆ ಹಾಜರಾದರು. ಅವರು ಚಾಲಕರನ್ನು ಉದ್ದೇಶಿಸಿ ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಏನ್ಲಾ ಮಾದೇಸ, ನಾಳೀಕೆ ಅಂದ್ಬುಟ್ಟು ಎತ್ಕಂಡ್ ಓದ್ಯಲ್ಲ, ಹನ್ನೊಂದ್ ದಿನ ಆಯ್ತು ಕಣ್ಲಾ! ಮಿಕ್ಸೀಲಿ ರುಬ್ಬುದ್ರೆ ನನ್ ಇಡ್ಲಿಯ ಯಾರ್ಲಾ ಮುಟ್ಟಾರು? ಒಲೆ ಹಿಂಗೇ ತಣ್ಗಿದ್ರೆ ಹೊಟ್ಟೇಗೇನ್ ಮಾಡನ?" ಹಲಗೆಯನ್ನು ಮರಳಿ ಜೋಡಿಸಲಾಗದ ಕಾರಣ ವಿವರಿಸಿದ ಮೇಲೆ, ದೊಡ್ಡಮಲ್ಲಮ್ಮನವರು ಪಟದ ಕಡೆ ತಿರುಗಿ ಕೈಮುಗಿದು ಹೇಳಿದ್ದು: "ಮಾದಪ್ಪನ್ನ ಇಳಿಸ್ಬ್ಯಾಡಿ ಬುಡಿ ಸಾಮಿ. ಕುಂತವ್ನೆ, ಕುಂತಿರ್ಲಿ. ನೀವೇ ವಸಿ ಮೆಲ್ಲಗೆ ಓಗಿ."

ಸದರಿ ಪರಿಹಾರವು ಇಲಾಖೆಯ ನಾಲ್ಕು ಸಭೆಗಳಲ್ಲಿ ಯಾರಿಂದಲೂ ಪ್ರಸ್ತಾಪವಾಗಿರಲಿಲ್ಲ.

೭. ಗುಂಡು ಬಿಚ್ಚಿ ಪರೀಕ್ಷಿಸಲಾಗಿ, ಗಂಟೆಗೆ ನಲವತ್ತು ಕಿ.ಮೀ.ಯಲ್ಲಿ ಕಾರು ಸಂಪೂರ್ಣ ಸ್ಥಿರವಾಗಿರುವುದು ಕಂಡುಬಂದಿದೆ. ಆದ್ದರಿಂದ ಈ ಇಲಾಖೆಯಲ್ಲಿ ಇನ್ನು ಮುಂದೆ ನಲವತ್ತನ್ನೇ ಅತಿವೇಗವೆಂದು ಭಾವಿಸತಕ್ಕದ್ದು. ಕ್ರಮಾಂಕ ೧ರಿಂದ ೩ರವರೆಗಿನ ಸೂಚನೆಗಳನ್ನು ರದ್ದುಪಡಿಸಲಾಗಿದೆ. ಶ್ರೀ ಮರಿಯಯ್ಯನವರು ಇಳಿಯಬಹುದು.

ಸಹಿ/-
(ಮಲ್ಲಿಕಾರ್ಜುನಸ್ವಾಮಿ)
ಸಹಾಯಕ ನಿರ್ದೇಶಕರು (ವೇಗ ಮತ್ತು ಸ್ಥಿರತೆ)

ಪ್ರತಿಗಳು:

೧. ಗುಂಡ್ಲುಪೇಟೆ ಉಪಕಚೇರಿಗೆ. ಕಡತಗಳು ಇನ್ನು ಮುಂದೆ ತಡವಾಗಿ ಬರುವವು. ಮೊದಲೂ ಹಾಗೆಯೇ ಬರುತ್ತಿದ್ದವೆಂಬುದನ್ನು ಗಮನಿಸುವುದು.

೨. ಶ್ರೀ ಮರಿಯಯ್ಯನವರಿಗೆ. ಕಾರಿನ ಹಿಂಭಾಗದ ವಿಳಾಸಕ್ಕೆ ತಲುಪಿಸುವುದು.

೩. ಶ್ರೀ ಯಾಸಿರ್ ಅವರಿಗೆ. ವರದಿಯ ಎರಡನೇ ವಾಕ್ಯಕ್ಕೆ ಉತ್ತರ ನೀಡಲು ಅವಕಾಶವಿರುವುದಿಲ್ಲ.

೪. ಶ್ರೀಮತಿ ದೊಡ್ಡಮಲ್ಲಮ್ಮನವರಿಗೆ, ಚಾಲಕ ಶ್ರೀ ಮಾದೇಶ್ ಮುಖಾಂತರ. ಚಾಲಕರ ಷರಾ: ಹೋಟೆಲಿನ ಬಾಗಿಲು ಇನ್ನೂ ತೆರೆದಿರಲಿಲ್ಲ. ಗುಂಡನ್ನು ಬೋರ್‌ವೆಲ್ ನೀರಿನಲ್ಲಿ ತೊಳೆದು, ಸದ್ದಾಗದಂತೆ ಹಿತ್ತಿಲಿನ ಒರಳಿನೊಳಗೆ ಇಟ್ಟು ಬರಲಾಗಿದೆ. ಸ್ವೀಕೃತಿ ಸಹಿ ಪಡೆದಿರುವುದಿಲ್ಲ.