ಎರಡು ನಕ್ಷೆ, ಒಂದು ಬಾಸಿಂಗ

ಈ ಸಂಗತಿಯನ್ನು ಬರೆಯಬೇಕೆಂದು ಕೂತು ಎದ್ದು, ಕೂತು ಎದ್ದು ಎರಡು ವರ್ಷ ಕಳೆದವು. ಒಮ್ಮೆ ಪೆನ್ನಿನ ಶಾಯಿ ಗಟ್ಟಿಯಾಗಿತ್ತು. ಒಮ್ಮೆ ಕನ್ನಡಕ ಸಿಗಲಿಲ್ಲ. ಕನ್ನಡಕ ಸಿಕ್ಕ ದಿನ ಕರೆಂಟು ಹೋಯಿತು. ಎಲ್ಲಾ ನೆಪ. ನಿಜ ಹೇಳಬೇಕೆಂದರೆ, ಇದರಲ್ಲಿ ಒಬ್ಬರಿಗೆ ನಾನು ಮಾಡಿದ ಅನ್ಯಾಯವಿದೆ. ಅದನ್ನು ಬಿಟ್ಟು ಬರೆದರೆ ಕಥೆ ನಿಲ್ಲುವುದಿಲ್ಲ, ಸೇರಿಸಿ ಬರೆದರೆ ನಾನು ನಿಲ್ಲುವುದಿಲ್ಲ.

ನಾನು ಹಿರಿಯೂರಿನವನು. ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿ ಮಾರಿಕಣಿವೆ ಅಣೆಕಟ್ಟೆಯಲ್ಲಿ ಕೆಲಸಕ್ಕೆ ಸೇರಿದೆ. ದಿನಾ ಬೆಳಿಗ್ಗೆ ಹೋಗಿ ನೀರು ಎಲ್ಲಿಗೆ ಬಂದಿದೆ ಎಂದು ನೋಡಿ ಬರೆದಿಡುವುದು ನನ್ನ ಕೆಲಸ. ಮೂವತ್ತೊಂದು ವರ್ಷ ನೋಡಿದೆ. ಅಷ್ಟು ವರ್ಷದಲ್ಲಿ ಒಂದು ಸಲವೂ ಅದು ತುಂಬಿ ಕೋಡಿ ಬೀಳಲಿಲ್ಲ. ನಾನು ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೆ ಬಿತ್ತು! ಇಡೀ ಜಿಲ್ಲೆ ಬುತ್ತಿ ಕಟ್ಟಿಕೊಂಡು ಹೋಗಿ ನೋಡಿ ಬಂದಿತು. ನಾನೊಬ್ಬ ಹೋಗಲಿಲ್ಲ. ಅಣೆಕಟ್ಟೆಯ ಮೇಲೆ ನನಗೆ ಮುನಿಸು. ಈ ಮುನಿಸನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಇದು ನನ್ನನ್ನು ಸೊಂಟದವರೆಗೆ ತೋಯಿಸುತ್ತದೆ.

ಎಪ್ಪತ್ತರ ಹತ್ತಿರ ಬಂದ ಮೇಲೆ ನಾನು ಮೊದಲ ಕಾರು ಕೊಂಡೆ. ಅದರ ಮುಂಭಾಗದಲ್ಲಿ ಅಡುಗೆಮನೆಯ ತಟ್ಟೆಯಷ್ಟಗಲದ ಪರದೆ. ಮಾರಿದವರು ಅದನ್ನು ಮುಟ್ಟಿ ತೋರಿಸಿ, ಇದರಲ್ಲಿ ನಕ್ಷೆ ಒಳಗೇ ಇದೆ, ಫೋನೂ ಬೇಡ, ಸಿಗ್ನಲ್ಲೂ ಬೇಡ, ಯಾರನ್ನೂ ಕೇಳುವ ಅಗತ್ಯವಿಲ್ಲ ಎಂದರು. ಯಾರನ್ನೂ ಕೇಳುವ ಅಗತ್ಯವಿಲ್ಲ! ಮದುವೆಯಾಗಿ ನಲವತ್ತು ವರ್ಷವಾದ ಗಂಡಸಿಗೆ ಇದಕ್ಕಿಂತ ದೊಡ್ಡ ಆಮಿಷ ಬೇರೊಂದಿಲ್ಲ. ಒಂದು ತಿಂಗಳು ನಾನು ಸಂತೆಗೂ ನಕ್ಷೆ ಹಾಕಿಕೊಂಡೇ ಹೋಗಿ ಬಂದೆ.

ನನ್ನ ಹೆಂಡತಿ ಗೌರಮ್ಮ ಮಾತ್ರ ಫೋನಿನ ನಕ್ಷೆಯ ಪಕ್ಷದವಳು. ಅವಳ ವಾದ ಚಿಕ್ಕದು.

"ಕಾರಿಂದು ಕಾರು ಹುಟ್ಟಿದ ದಿನದ ನಕ್ಷೆ. ಫೋನಿಂದು ಇವತ್ತಿಂದು."

"ದಾರೀಲಿ ಸಿಗ್ನಲ್ ಹೋದ್ರೆ ಏನ್ ಮಾಡ್ತೀಯ?"

"ನಿಮ್ಗೆ ಬುದ್ಧಿ ಹೋದಾಗ ಏನ್ ಮಾಡ್ತೀನೋ ಅದೇ."

ಹೀಗೆ ಚರ್ಚೆ ಅಪೂರ್ಣವಾಗಿ ಉಳಿದಿರುವಾಗ ಬಿ.ದುರ್ಗದಲ್ಲಿ ನನ್ನ ತಂಗಿಯ ಮಗಳ ಮದುವೆ ಬಂತು. ನಮ್ಮಲ್ಲಿ ಮದುಮಗಳ ಹಣೆಗೆ ಕಟ್ಟುವ ಬಾಸಿಂಗವನ್ನು ಸೋದರಮಾವನೇ ತರಬೇಕು, ಅವನೇ ಕಟ್ಟಬೇಕು, ಕೈಹಿಡಿದು ಹಸೆಗೆ ಕರೆತರಬೇಕು. ಹುಡುಗಿಗೆ ತಂದೆ ಇಲ್ಲ. ಹಿಂದಿನ ದಿನ ಅವಳೇ ಫೋನು ಮಾಡಿ, "ಮಾವ, ಬೇರೆ ಯಾರ ಕೈಗೂ ನಾನು ಕೈ ಕೊಡಲ್ಲ, ಬೇಗ ಬಾ" ಎಂದಿದ್ದಳು. ಮುಹೂರ್ತ ಮಧ್ಯಾಹ್ನ ಹನ್ನೆರಡಕ್ಕೆ. ನಾನು ಬೆಳಿಗ್ಗೆ ಏಳಕ್ಕೆ ಸಿದ್ಧನಾಗಿದ್ದೆ. ಐದು ಗಂಟೆಯಲ್ಲಿ ಎತ್ತಿನ ಗಾಡಿಯೂ ಅರ್ಧ ದಾರಿ ಮುಟ್ಟುತ್ತದೆ.

ಕಾರಿನಲ್ಲಿ ನಾವು ಮೂವರು. ಮುಂದೆ ನಾನು ಮತ್ತು ಗೌರಮ್ಮ. ಹಿಂದೆ ಅವಳ ತಮ್ಮ, ಅಂದರೆ ನನ್ನ ಬಾಮೈದ. ಅವನ ಹೆಸರು ಬರೆಯಲು ಸದ್ಯಕ್ಕೆ ಕೈ ಬರುತ್ತಿಲ್ಲ, ನೋಡೋಣ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮಾರ್ಗದಲ್ಲಿ ಮೂವತ್ತು ವರ್ಷ ಖಾಸಗಿ ಬಸ್ಸು ಓಡಿಸಿದವನು. ಆ ದಾರಿಯ ಹುಣಸೆಮರಗಳಿಗೂ ಅವನ ಹಾರನ್ನಿನ ಗುರುತಿತ್ತು. ಅಂಥವನನ್ನು ಹಿಂದೆ ಕೂರಿಸಿಕೊಂಡು ನಾನು ಪರದೆಯನ್ನು ದಾರಿ ಕೇಳುತ್ತಿದ್ದೆ. ಅವನ ತೊಡೆಯ ಮೇಲೆ ಎರಡು ರಟ್ಟಿನ ಡಬ್ಬ. ಒಂದರಲ್ಲಿ ಬಾಸಿಂಗ, ಇನ್ನೊಂದರಲ್ಲಿ ತಂಬಿಟ್ಟು. ಎರಡಕ್ಕೂ ಕೆಂಪು ದಾರ.

ಪರದೆಯಲ್ಲಿ ಊರಿನ ಹೆಸರು ಒತ್ತಲು ನಲವತ್ತು ನಿಮಿಷ ಹಿಡಿಯಿತು. ನನ್ನ ಒಂದು ಬೆರಳಿಗೆ ಮೂರು ಅಕ್ಷರ ಬೀಳುತ್ತಿದ್ದವು. ಕಡೆಗೆ ಕಾರು ಒಪ್ಪಿ, ಹೆದ್ದಾರಿ ಹಿಡಿದು ಚಿತ್ರದುರ್ಗದ ಮೇಲೆ ಹೋಗು ಎಂದಿತು. ಗೌರಮ್ಮನ ಫೋನು ಹೊಸದುರ್ಗದ ರಸ್ತೆ ಹತ್ತಿರ ಎಂದಿತು. ಯಜಮಾನಿಕೆ ನನ್ನದು. ಹೆದ್ದಾರಿಗೆ ಹೊರಟೆ.

ಹೆದ್ದಾರಿಗೆ ಹೊಸದಾಗಿ ಎತ್ತರದ ರಸ್ತೆ ಹಾಕಿದ್ದರು. ನಮ್ಮ ಕಾರು ಹುಟ್ಟುವಾಗ ಅದು ಇರಲಿಲ್ಲವೆಂದು ತೋರುತ್ತದೆ. ಅದರ ಮೇಲೆ ಹತ್ತುತ್ತಲೇ ಪರದೆಯಲ್ಲಿ ನಮ್ಮ ಬಾಣದ ಗುರುತು ರಸ್ತೆ ಬಿಟ್ಟು ಬಯಲಿಗೆ ಇಳಿಯಿತು. ಕಾರಿನೊಳಗಿನ ಹೆಂಗಸು ಇಂಗ್ಲಿಷಿನಲ್ಲಿ ಹಿಂದಕ್ಕೆ ತಿರುಗು, ಹಿಂದಕ್ಕೆ ತಿರುಗು ಎಂದು ಶುರುಮಾಡಿದಳು. ಚಿತ್ರದುರ್ಗಕ್ಕೆ ನಾನು ಸಾವಿರ ಸಲ ಹೋಗಿದ್ದೇನೆ. ಕಣ್ಣು ಕಟ್ಟಿ ಬಿಟ್ಟರೂ ಹೋಗಬಲ್ಲೆ. ಆದರೆ ಯಂತ್ರ ಹೇಳಿದ ಮೇಲೆ ಕಣ್ಣಿಗೆ ಬೆಲೆಯೇನು? ತಿರುಗಿದೆ.

"ಭಾವ, ಸೀದಾ ಹೋಗ್ರಿ," ಎಂದ ಬಾಮೈದ ಹಿಂದಿನಿಂದ. "ಚಿತ್ರದುರ್ಗ ಎಲ್ಲಿಗೂ ಎದ್ದು ಹೋಗಿಲ್ಲ."

ನಾನು ಕೇಳಲಿಲ್ಲ. ತಿರುಗಿ ಬಂದರೆ ಮತ್ತೆ ಅದೇ ಎತ್ತರದ ರಸ್ತೆಗೆ ಹತ್ತಿಸಿತು. ಹತ್ತಿದರೆ ಮತ್ತೆ ಬಯಲು. ಹೀಗೆ ಒಂದೇ ಪೆಟ್ರೋಲ್ ಬಂಕಿನ ಮುಂದೆ ಮೂರು ಸಲ ಹಾದೆವು. ಮೊದಲ ಸಲ ಬಂಕಿನವನು ನಮ್ಮನ್ನು ನೋಡಲಿಲ್ಲ. ಎರಡನೇ ಸಲ ನೋಡಿದ. ಮೂರನೇ ಸಲ ರಸ್ತೆಗೇ ಬಂದು ಕೇಳಿದ.

"ಏನ್ ಯಜಮಾನ್ರೇ, ಪ್ರದಕ್ಷಿಣೆ ಹರಕೆನಾ?"

ಅಲ್ಲಿಗೆ ಕಾರಿನ ನಕ್ಷೆಯ ಸರ್ಕಾರ ಬಿದ್ದಿತು. ಗೌರಮ್ಮ ಒಂದು ಮಾತೂ ಆಡದೆ ಫೋನನ್ನು ನನ್ನ ಮುಂದೆ ನಿಲ್ಲಿಸಿದಳು. ಅವಳು ಮಾತಾಡದೆ ಗೆದ್ದಾಗ ನನಗೆ ಹೆಚ್ಚು ಉರಿಯುತ್ತದೆ. ಹೊಸದುರ್ಗದ ರಸ್ತೆ ಹಿಡಿದೆವು. ಕಾರಿನ ನಕ್ಷೆಯನ್ನು ಆರಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಆರಿಸಲು ಹೋಗಿ ಒಣ ಗಾಜಿನ ಮೇಲೆ ವೈಪರ್ ಆಡಿಸಿದೆ. ಒಬ್ಬಳು ಇಂಗ್ಲಿಷಿನಲ್ಲಿ ಹಿಂದಕ್ಕೆ ತಿರುಗು ಎನ್ನುವಳು, ಇನ್ನೊಬ್ಬಳು ಗ್ರಾಂಥಿಕ ಕನ್ನಡದಲ್ಲಿ ನೇರವಾಗಿ ಮುಂದುವರಿಯಿರಿ ಎನ್ನುವಳು, ಮೂರನೆಯವಳು ಪಕ್ಕದಲ್ಲಿ ಕೂತು "ನಿಧಾನ, ನಿಧಾನ" ಎನ್ನುವಳು. ವೈಪರ್ ಮಾತ್ರ ಎರಡೂ ಕಡೆ ತಲೆಯಾಡಿಸುತ್ತಿತ್ತು.

ಮಾರಿಕಣಿವೆ ದಾಟಿದ ಮೇಲೆ ಒಂದು ಕ್ರಾಸು ಬಂತು. ಫೋನು ಬಲಕ್ಕೆ ಹಳ್ಳಿರಸ್ತೆ ತೋರಿಸಿ, ಇಪ್ಪತ್ತು ನಿಮಿಷ ಉಳಿಯುತ್ತದೆ ಎಂದಿತು. ಬಂಕಿನ ಮುಂದೆ ಕಳೆದುಕೊಂಡದ್ದನ್ನು ವಸೂಲು ಮಾಡಲು ಇದೇ ಸಮಯ ಎಂದು ನಾನು ಸ್ಟೇರಿಂಗ್ ತಿರುಗಿಸಿದೆ. ಆಗ ಬಾಮೈದ ಮುಂದಕ್ಕೆ ಬಾಗಿದ.

"ಭಾವ, ಈ ದಾರಿ ಬ್ಯಾಡ. ಡ್ಯಾಮ್ ತುಂಬ್ದಾಗಿಂದ ಅಲ್ಲಿ ಹಿನ್ನೀರು ನಿಂತೈತೆ. ದೊಡ್ಡ ರಸ್ತೆನಾಗೇ ಹೋಗಾಣ."

ಮೂವತ್ತೊಂದು ವರ್ಷ ನೀರು ಅಳೆದವನಿಗೆ ಒಬ್ಬ ಬಸ್ ಡ್ರೈವರ್ ನೀರಿನ ವಿಷಯ ಹೇಳುವುದೇ! ನಾನು ಕಾರು ನಿಲ್ಲಿಸಿ ಹಿಂದಕ್ಕೆ ತಿರುಗಿದೆ. ನಾನು ಅಂದ ಮಾತನ್ನು ಇದ್ದಹಾಗೇ ಬರೆಯುತ್ತೇನೆ, ತಿದ್ದುವುದಿಲ್ಲ.

"ಆ ನೀರು ಎಲ್ಲಿಗೆ ಬರ್ತದೆ ಅಂತ ನನಗೆ ಗೊತ್ತಿಲ್ವೇನೋ? ಈಗ ದಾರಿ ಹೇಳೋಕೆ ಯಂತ್ರ ಬಂದೈತೆ. ಹಳೇ ಡ್ರೈವರುಗಳ ಕಾಲ ಮುಗೀತು. ಸುಮ್ನೆ ಕೂತ್ಕೊಂಡು ಬಾ."

ಅವನು ಬಾಗಿಲು ತೆಗೆದ.

"ನಾನು ಬಸ್ಸಿಗೆ ಬರ್ತೀನಿ ಭಾವ. ನೀವು ಹುಷಾರಾಗಿ ಬರ್ರಿ."

ಇಳಿದು ಗೌರಮ್ಮನ ಕಿಟಕಿಯ ಹತ್ತಿರ ಹೋಗಿ ಅಕ್ಕನೊಂದಿಗೆ ಏನೋ ಮಾತಾಡಿದ. ನಾನು ಆ ಕಡೆ ನೋಡಲಿಲ್ಲ. ನಕ್ಷೆ ನೋಡುತ್ತಿದ್ದೆ.

ರಸ್ತೆ ಮೊದಲು ಚೆನ್ನಾಗಿಯೇ ಇತ್ತು. "ನೋಡಿದೆಯಾ?" ಎಂದೆ ಗೌರಮ್ಮನಿಗೆ. ಮುಂದೆ ಡಾಂಬರು ತಗ್ಗಿಗೆ ಇಳಿಯಿತು. ತಗ್ಗಿನಲ್ಲಿ ಒಂದಿಷ್ಟು ನೀರು. ನಿನ್ನೆಯ ಮಳೆ ಇರಬೇಕು ಎಂದುಕೊಂಡೆ. ನಿನ್ನೆ ಮಳೆ ಬಂದಿರಲಿಲ್ಲ. ಫೋನಿನವಳು ನೇರವಾಗಿ ಮುಂದುವರಿಯಿರಿ ಎಂದಳು. ಮುಂದುವರಿದೆ. ಕಾರು ಒಮ್ಮೆ ಕೆಮ್ಮಿ ನಿಂತಿತು. ತಲೆಯೆತ್ತಿ ನೋಡಿದರೆ ಎದುರಿಗೆ ರಸ್ತೆಯೇ ಇಲ್ಲ. ದಿಗಂತದವರೆಗೆ ನೀರು, ನಡುವೆ ಎರಡು ಹುಣಸೆಮರದ ತಲೆಗಳು, ಅವುಗಳ ಮೇಲೆ ಬೆಳ್ಳಕ್ಕಿ.

ನನ್ನ ಅಣೆಕಟ್ಟೆ! ನಾನು ನೋಡಲು ಹೋಗಲಿಲ್ಲವೆಂದು ತಾನೇ ನೋಡಲು ಬಂದಿತ್ತು.

ಆಗ ಕಣ್ಣು ಕಾರಿನ ಪರದೆಯ ಮೇಲೆ ಬಿತ್ತು. ಅದರಲ್ಲಿ ಸುತ್ತ ನೀಲಿ, ನೀಲಿಯ ಅಂಚಿನಲ್ಲಿ ನಮ್ಮ ಬಾಣ. ಅಲ್ಲಿ ನೀರಿದೆಯೆಂದು ಪಾಪ ಕಾರಿಗೆ ಗೊತ್ತಿತ್ತು. ಹಿಂದಕ್ಕೆ ತಿರುಗು ಎಂದು ಅದು ಒಂದು ಗಂಟೆಯಿಂದ ಬಡಿದುಕೊಂಡಿತ್ತು. ಹೆದ್ದಾರಿಯಲ್ಲಿ ಫೋನು ಸರಿ, ಇಲ್ಲಿ ಕಾರು ಸರಿ. ಎರಡು ಕಡೆಯೂ ತಪ್ಪಿದವನು ನಾನೊಬ್ಬನೇ.

ಕಾರಿನೊಳಗೆ ನೀರು ಬರತೊಡಗಿತು. ನನಗೆ ನೆನಪಾದದ್ದು ಬಾಸಿಂಗ. ಹಿಂದಿನ ಸೀಟಿನಿಂದ ಡಬ್ಬ ತೆಗೆದು ತಲೆಯ ಮೇಲಿಟ್ಟುಕೊಂಡು, ಪಂಚೆ ಮೇಲೆತ್ತಿ, ನೀರಿಗೆ ಇಳಿದೆ. ರಸ್ತೆ ಬಿಟ್ಟು ಬದಿಗೆ ಕಾಲಿಟ್ಟದ್ದರಿಂದ ಸೊಂಟದವರೆಗೆ ಮುಳುಗಿದೆ. ಡಬ್ಬ ಮಾತ್ರ ಅಲುಗಲಿಲ್ಲ. ಹಿಂದೆ ಗೌರಮ್ಮ ಸೀರೆ ಎತ್ತಿಕೊಂಡು ರಸ್ತೆಯ ಮೇಲೇ ನಡೆದು ಬಂದಳು. ಅವಳಿಗೆ ಮೊಣಕಾಲೂ ತೋಯಲಿಲ್ಲ.

ದಡದಲ್ಲಿ ಮೀನಿನ ಬಲೆ ಹರವುತ್ತಿದ್ದವನೊಬ್ಬ ಇದನ್ನೆಲ್ಲ ನೋಡುತ್ತಾ ಕೂತಿದ್ದ.

"ಫೋನ್ ತೋರಿಸ್ತೇನ್ ಸಾರ್, ಈ ದಾರಿ? ಹೋದ್ವಾರನೂ ಒಬ್ರು ಬಂದಿದ್ರು."

"ಅವರೇನು ಮಾಡಿದ್ರು?"

"ಅವ್ರು ನೀರು ಕಂಡು ವಾಪಸ್ ಹೋದ್ರು."

ಟ್ರ್ಯಾಕ್ಟರ್ ಬಂದು ಕಾರನ್ನು ಎಳೆಯುವಷ್ಟರಲ್ಲಿ ಹನ್ನೆರಡು ದಾಟಿತ್ತು. ನಾನು ಡಬ್ಬ ಹಿಡಿದು ದಡದಲ್ಲಿ ಕೂತಿದ್ದೆ. ಬಾಸಿಂಗವಿಲ್ಲದೆ, ಮಾವನಿಲ್ಲದೆ, ಆ ಹುಡುಗಿ ಕೋಣೆಯ ಬಾಗಿಲಲ್ಲಿ ನಿಂತು ದಾರಿ ನೋಡುತ್ತಿರುವುದೇ ಕಣ್ಣಿಗೆ ಕಟ್ಟುತ್ತಿತ್ತು. ಮೀನಿನವನು ಡಬ್ಬ ಹಿಡಿದುಕೊಳ್ಳುತ್ತೇನೆಂದರೆ ಕೊಡಲಿಲ್ಲ.

ಕೆಟ್ಟ ಕಾರನ್ನು ಅಲ್ಲೇ ಬಿಟ್ಟು, ಯಾರದೋ ಗೂಡ್ಸ್ ಆಟೋ ಹತ್ತಿ, ಹೊಳಲ್ಕೆರೆ ದಾಟಿ ಬಿ.ದುರ್ಗ ಮುಟ್ಟಿದಾಗ ಎರಡೂವರೆ. ಎರಡನೇ ಪಂಕ್ತಿಯ ಊಟ ನಡೆದಿತ್ತು. ಹುಡುಗಿ ಗಂಡನ ಪಕ್ಕದಲ್ಲಿ ಕೂತಿದ್ದಳು. ಹಣೆಯ ಮೇಲೆ ಬಾಸಿಂಗ!

ನಾನು ಕೈಯಲ್ಲಿದ್ದ ಡಬ್ಬ ಬಿಚ್ಚಿದೆ. ತಂಬಿಟ್ಟು.

"ಕ್ರಾಸ್‌ನಾಗೆ ಇಳಿದಾಗ ಬಾಸಿಂಗ ನೀನೇ ತಗೊಂಡು ಹೋಗು ಅಂತ ಅವನಿಗೆ ಹೇಳ್ದೆ," ಎಂದಳು ಗೌರಮ್ಮ.

"ನಾನು ನೀರಲ್ಲಿ ಇದನ್ನ ತಲೆ ಮೇಲೆ ಹೊತ್ಕೊಂಡಾಗ ಹೇಳೋಕೆ ಏನಾಗಿತ್ತು?"

"ತಂಬಿಟ್ಟಾದ್ರೂ ಒಣಗಿರ್ಲಿ ಅಂತ ಸುಮ್ನಿದ್ದೆ."

ಬಾಮೈದ ತನ್ನ ಹಳೆಯ ಮಾರ್ಗದ ಎರಡು ಬಸ್ಸು ಬದಲಿಸಿ ಹನ್ನೊಂದೂವರೆಗೇ ಬಂದಿದ್ದ. ಭಾವನ ತಪ್ಪಿಲ್ಲ, ಕಾರು ಕೆಟ್ಟು ನಿಂತಿದೆ, ಬಾಸಿಂಗ ಅವರೇ ಕೊಟ್ಟು ಕಳಿಸಿದರು ಎಂದು ಹಿರಿಯರಿಗೆ ಹೇಳಿದ್ದ. ಹುಡುಗಿ ಅತ್ತಳಂತೆ. ಮುಹೂರ್ತ ಮೀರುತ್ತದೆಂದು ಹಿರಿಯರು ಅವನನ್ನೇ ನಿಲ್ಲಿಸಿದರು. ಅವನು ನನ್ನ ಹೆಸರು ಹೇಳಿ ಬಾಸಿಂಗ ಕಟ್ಟಿ ಅವಳನ್ನು ಕರೆತಂದ. ಸೋದರಮಾವನಿಗೆ ಹೊದಿಸುವ ಶಲ್ಯವನ್ನು ಮಾತ್ರ ಹೊದೆಯಲಿಲ್ಲ. ಅದು ಮಡಿಕೆ ಬಿಚ್ಚದೆ ಒಂದು ಕುರ್ಚಿಯ ಮೇಲಿತ್ತು. ಆ ಕುರ್ಚಿಯಲ್ಲಿ ಯಾರನ್ನೂ ಕೂರಲು ಅವನು ಬಿಟ್ಟಿರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಬರಿಯ ಮೂರ್ಖ. ಅಷ್ಟಕ್ಕೆ ಬಿಡಲಿಲ್ಲ.

ಬೀಗರ ಕಡೆಯ ಹಿರಿಯರೊಬ್ಬರು ನನ್ನ ಪಂಚೆಯ ಕೆಸರನ್ನು ಮೇಲಿಂದ ಕೆಳಗೆ ನೋಡಿ, "ಕಾರು ಕೆಟ್ರೆ ಇಷ್ಟು ನೀರಾಗ್ತದೇನ್ರಿ?" ಎಂದರು. ಸುತ್ತ ಹತ್ತು ಜನ ನಕ್ಕರು. ನನ್ನ ತಂಗಿಯೂ ನೋಡುತ್ತಿದ್ದಳು. ನನ್ನ ಬಾಯಿಂದ ಬಂದದ್ದು ಇದು:

"ಏನ್ ಮಾಡೋದು ಸ್ವಾಮಿ, ನಮ್ಮ ಡ್ರೈವರ್ರು ಹೇಳಿದ ದಾರೀಲಿ ಬಂದೆ. ಅವನಿಗೂ ವಯಸ್ಸಾಯ್ತು, ದಾರಿ ಮರೆತಿದ್ದಾನೆ."

ಅವನು ನನ್ನ ಬೆನ್ನ ಹಿಂದೆ ಪಾಯಸದ ಬಕೀಟು ಹಿಡಿದು ನಿಂತಿದ್ದ. ನಾನು ತಿರುಗಿದಾಗ ಬಕೀಟನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡ.

"ಎಲೆ ಹಾಕ್ಸಿದೀನಿ ಭಾವ. ಕುಂತ್ಕಳ್ರಿ, ಹಸ್ದಿದೀರಿ."

ನಾನು ಕೂತೆ. ಶಲ್ಯ ಹೊದ್ದುಕೊಂಡೆ. ಪಾಯಸ ಎರಡು ಸಲ ಹಾಕಿಸಿಕೊಂಡೆ! ಗೌರಮ್ಮ ಆ ದಿನ ಊಟ ಮಾಡಲಿಲ್ಲ, ಮುಂದೆ ಹದಿನೈದು ದಿನ ನನ್ನೊಂದಿಗೆ ಮಾತಾಡಲೂ ಇಲ್ಲ. ಆಗ ಮನೆಯಲ್ಲಿ ನನ್ನೊಂದಿಗೆ ಮಾತಾಡುತ್ತಿದ್ದುದು ನಕ್ಷೆಗಳು ಮಾತ್ರ.

ಬಾಮೈದನ ಮನೆ ಹಿರಿಯೂರಿನಲ್ಲೇ, ನಮ್ಮ ಮನೆಯಿಂದ ಎರಡು ಬೀದಿ ಆಚೆ. ಹೋಟೆಲಿನಲ್ಲಿ ಸಿಕ್ಕಾಗ ಈಗಲೂ ಅವನೇ ಮೊದಲು ಮಾತಾಡಿಸುತ್ತಾನೆ. ಆ ದಿನದ ವಿಷಯ ಎತ್ತಿಲ್ಲ. ಎತ್ತಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಈಚೆಗೆ ಒಂದು ಬೆಳಿಗ್ಗೆ ಧೈರ್ಯ ಮಾಡಿ ಹೊರಟೆ. ನಡೆದರೆ ಬೇಗ ಮುಟ್ಟಿಬಿಡುತ್ತೇನೆಂದು ಕಾರು ತೆಗೆದೆ. ಎರಡೂ ನಕ್ಷೆಗಳಿಗೆ ಅವನ ಮನೆ ತೋರಿಸಿದೆ. ಜೀವಮಾನದಲ್ಲಿ ಮೊದಲ ಸಲ ಎರಡೂ ಒಂದೇ ದಾರಿ ಹೇಳಿದವು. ಕಾರಿನವಳು ತಲುಪಿದೆ ಎಂದಳು. ಫೋನಿನವಳು, ನೀವು ತಲುಪಬೇಕಾದ ಸ್ಥಳ ಬಲಗಡೆ ಇದೆ ಎಂದಳು. ನಿಜ. ಬಲಗಡೆಯ ಜಗಲಿಯಲ್ಲಿ ಅವನು ಪೇಪರು ಓದುತ್ತಾ ಕೂತಿದ್ದ.

ನಾನು ಸ್ಟೇರಿಂಗ್ ಹಿಡಿದು ಕೂತೇ ಇದ್ದೆ. ಅವನು ಕನ್ನಡಕದ ಮೇಲಿಂದ ನೋಡಿದ. ಬೀದಿ ಇಕ್ಕಟ್ಟು, ಭಾವ ಸಿಕ್ಕಿಹಾಕಿಕೊಂಡಿದ್ದಾನೆ ಎಂದುಕೊಂಡಿರಬೇಕು. ಪೇಪರು ಮಡಿಸಿಟ್ಟು ಎದ್ದು ಬಂದ. ಕಾರಿನ ಹಿಂದೆ ನಿಂತು ಕೈಬೀಸತೊಡಗಿದ.

"ಬರ್ಲಿ, ಬರ್ಲಿ, ಮೋರಿ ಐತೆ ನೋಡ್ಕಳ್ರಿ, ಇನ್ನೊಂಚೂರು ಬರ್ಲಿ, ರೈಟ್."

ಕಾರಿನ ಬೆನ್ನಿಗೆ ಎರಡು ಸಲ ತಟ್ಟಿದ. ಬಸ್ಸಿಗೆ ತಟ್ಟುವ ಹಾಗೆ. ನಾನು, ಇಷ್ಟೆಲ್ಲ ತಿಳಿದ ನಾನು, ಮೊಟ್ಟಮೊದಲ ಬಾರಿಗೆ ಅವನು ಹೇಳಿದ ದಾರಿಯನ್ನು ಚಾಚೂ ತಪ್ಪದೆ ಪಾಲಿಸಿ, ಹಿಂದಕ್ಕೆ ತಿರುಗಿಸಿಕೊಂಡು ಮನೆಗೆ ಬಂದುಬಿಟ್ಟೆ!

ಕನ್ನಡಿಯಲ್ಲಿ ಅವನು ಇನ್ನೂ ಬೀದಿಯಲ್ಲೇ ನಿಂತಿರುವುದು ಕಾಣುತ್ತಿತ್ತು. ಅವನಿಗೆ ನಾನು ಇವತ್ತಿಗೂ ತಪ್ಪಾಯಿತು ಎಂದು ಹೇಳಿಲ್ಲ. ಅವನ ಹೆಸರು ಚನ್ನಬಸಪ್ಪ.