ಫೋಟೊ ಕೆಲಸಕ್ಕೆ ಆಗುತ್ತಾ?

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮುದ್ರಣಾಲಯದ ಡಿಸೈನರ್ ಒಂದು ಹಳೆಯ ಕಂಪ್ಯೂಟರನ್ನು ಎದೆಗವಚಿಕೊಂಡು ಮೂರು ಮಹಡಿ ಹತ್ತಿ ಬಂದು, ಅಲ್ಪವಿರಾಮ ಅವರ ಊಟದ ಮೇಜಿನ ಮೇಲೆ ಇಳಿಸಿದ. ಮೇಜು ಒಂದು ಸಲ ನರಳಿತು, ಡಿಸೈನರ್ ಎರಡು ಸಲ.

"ಸಂಜೆ ಐದರವರೆಗೆ ಇಟ್ಕೊಂಡು ನೋಡಿ ಸರ್. ಹತ್ತು ವರ್ಷದ ಮಷೀನು. ನಿಮ್ಮ ಕೆಲಸಕ್ಕೆ ಒಗ್ಗಿದ್ರೆ ನಿಮ್ದು. ಇಲ್ಲಾಂದ್ರೆ ಸಂಗೀತ ಶಾಲೆಯವರು ಕೇಳ್ತಿದಾರೆ, ಅವರಿಗೆ ಕೊಟ್ಬಿಡ್ತೀನಿ."

"ಫೋಟೊ ಕೆಲಸಕ್ಕೆ..." ಎಂದು ಅಲ್ಪವಿರಾಮ ನಿಂತರು.

"ಆಗುತ್ತೆ ಅಂತಾನೂ ಹೇಳಲ್ಲ, ಆಗಲ್ಲ ಅಂತಾನೂ ಹೇಳಲ್ಲ. ನೀವೇ ನೋಡಿ," ಎಂದು ಅವನು ಬೆನ್ನು ಹಿಡಿದುಕೊಂಡು ಮೆಟ್ಟಿಲಿಳಿದ.

ಅಲ್ಪವಿರಾಮ ಎನ್ನುವುದು ಅವರಪ್ಪ ಅಮ್ಮ ಇಟ್ಟ ಹೆಸರಲ್ಲ. ಇಪ್ಪತ್ತಾರು ವರ್ಷದಿಂದ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ ಅವರಿಗೆ ಮಾತಿನ ನಡುವೆ ನಿಂತುಬಿಡುವ ಅಭ್ಯಾಸವಿತ್ತು. ಉಳಿದರ್ಧ ವಾಕ್ಯವನ್ನು ಮನೆಯಲ್ಲಿ ಹೆಂಡತಿ ಮುಗಿಸುತ್ತಿದ್ದಳು. ಆರು ತಿಂಗಳ ಹಿಂದೆ ಅವಳು ತೀರಿಕೊಂಡಳು. ಅಲ್ಲಿಂದ ಅವರ ಮಾತುಗಳೆಲ್ಲ ಅರ್ಧಕ್ಕೇ ನಿಂತಿದ್ದವು.

ಅವಳಿಗೆ ಕ್ಯಾಮೆರಾ ಕಂಡರಾಗುತ್ತಿರಲಿಲ್ಲ. ಯಾರಾದರೂ ಫೋಟೊ ಎಂದರೆ ಸಾಕು, ಒಲೆಯ ಮೇಲೆ ಏನೋ ಇಟ್ಟು ಬಂದವಳ ಹಾಗೆ ಎದ್ದು ಹೋಗುತ್ತಿದ್ದಳು. ಮದುವೆಯ ಆಲ್ಬಂ ಹಿಂದಿನ ಮನೆಯ ಸೋರುವ ಅಟ್ಟದಲ್ಲಿ ಹಾಳೆಗೆ ಹಾಳೆ ಅಂಟಿಕೊಂಡು ಇಟ್ಟಿಗೆಯಾಗಿತ್ತು. ಗುರುತಿನ ಚೀಟಿಯಲ್ಲೊಂದು ಮುಖವಿತ್ತು, ನಿಜ. "ಇದರಲ್ಲಿ ಕದ್ದು ಸಿಕ್ಕಿಬಿದ್ದವಳ ಥರ ಇದೀನಿ, ನಾನು ಸತ್ರೂ ಇದನ್ನ ಯಾರಿಗೂ ತೋರಿಸ್ಬೇಡಿ," ಎಂದು ಅವಳೇ ಹೇಳಿದ್ದಳು.

ಉಳಿದದ್ದು ಒಂದೇ ಫೋಟೊ. ನಾಲ್ಕು ವರ್ಷದ ಹಿಂದೆ ಮುದ್ರಣಾಲಯದವರೆಲ್ಲ ಬೆಟ್ಟಕ್ಕೆ ಹೋಗಿದ್ದಾಗ ತೆಗೆದದ್ದು. ಅಂಗೈಯಗಲದ ಆ ಪ್ರತಿಯಲ್ಲಿ ಹದಿನಾಲ್ಕು ಜನ. ಹಿಂದಿನ ಸಾಲಿನ ಕೊನೆಯಲ್ಲಿ, ಮ್ಯಾನೇಜರರ ಟೋಪಿಯ ನೆರಳಿನಲ್ಲಿ, ಅವರ ಭುಜದ ಮರೆಯಲ್ಲಿ ಕಡಲೆಕಾಳಿನಷ್ಟು ಅರ್ಧ ಮುಖ. ಕೆಳಗೆ ಅವಳೇ ಹೆಣೆದಿದ್ದ ಹಳದಿ ಸ್ವೆಟರಿನ ಒಂದು ತೋಳು. ಅಲ್ಪವಿರಾಮ ಅದನ್ನು ಯಾರಿಗೂ ತೋರಿಸದೆ ಬೀರುವಿನ ಬಾಗಿಲ ಒಳಮೈಗೆ ಅಂಟಿಸಿಕೊಂಡಿದ್ದರು. ದಿನಾ ಬೆಳಿಗ್ಗೆ ಅಂಗಿ ತೆಗೆಯುವಾಗ ಅದಕ್ಕೆ "ಹೋಗ್ಬರ್ತೀನಿ" ಎನ್ನುತ್ತಿದ್ದರು.

ಅದನ್ನು ದೊಡ್ಡದು ಮಾಡಿ ಗೋಡೆಗೆ ಹಾಕುವ ಆಸೆ. ಸ್ಟುಡಿಯೋದವನು ಮಾದರಿ ತೋರಿಸಿದ್ದ. ಅದರಲ್ಲಿ ಯಾರದೋ ಅಜ್ಜಿಯ ಕೆನ್ನೆಗೆ ಗುಲಾಬಿ ಬಳಿದು, ಹಿಂದೆ ಜಲಪಾತ ಇಟ್ಟಿದ್ದ. ಬೆಚ್ಚಿಬಿದ್ದ ಅಲ್ಪವಿರಾಮ ತಾವೇ ಕಲಿಯುವುದೆಂದು ನಿಶ್ಚಯಿಸಿ, ಒಂದು ತಿಂಗಳು ಊಟದ ಬಿಡುವಿನಲ್ಲಿ ಡಿಸೈನರನ ಪಕ್ಕ ಕೂತು ಕಲಿತಿದ್ದರು. ಫೋಟೊವನ್ನು ಸ್ಕ್ಯಾನ್ ಮಾಡಿಸಿಯೂ ಇಟ್ಟಿದ್ದರು. ಇನ್ನು ಮಷೀನೊಂದು ಸಿಕ್ಕಬೇಕಿತ್ತು.

ಗುಂಡಿ ಒತ್ತಿದರು. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡಿತು. ಆ ಸದ್ದಿಗೆ ಮೇಲಿನ ಮನೆಯ ಲಿಫ್ಟ್ ಮೆಕ್ಯಾನಿಕ್ ಇಳಿದು ಬಂದ. ಲಿಫ್ಟೇ ಇಲ್ಲದ ಕಟ್ಟಡದಲ್ಲಿ ಅವನ ವಾಸ. ಅದರಿಂದಾಗಿ ಅವನ ವಿದ್ಯೆಯೆಲ್ಲ ನೆರೆಹೊರೆಯವರ ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ಮೇಲೆ ಖರ್ಚಾಗುತ್ತಿತ್ತು.

"ಒಳಗೆ ಧೂಳು ಕೂತಿದೆ ಸರ್. ಲಿಫ್ಟಾಗ್ಲಿ ಕಂಪ್ಯೂಟರಾಗ್ಲಿ, ಧೂಳು ತೆಗೆದ್ರೆ ಮೇಲೇಳುತ್ತೆ."

"ಬೇಡ, ಅದು ನಮ್ದಿನ್ನೂ..." ಎಂದು ಅಲ್ಪವಿರಾಮ ನಿಲ್ಲುವಷ್ಟರಲ್ಲಿ ಅವನು ಪಕ್ಕದ ಮುಚ್ಚಳ ಬಿಚ್ಚಿ ಉಫ್ ಎಂದು ಊದಿದ. ಹತ್ತು ವರ್ಷದ ಧೂಳು ಮೇಲೆದ್ದು ಇಬ್ಬರ ಮೂಗಿಗೂ ಹೊಕ್ಕಿತು. ಅಲ್ಪವಿರಾಮ ಏಳು ಸೀನು ಸೀನಿದರು.

ಹನ್ನೊಂದರ ಹೊತ್ತಿಗೆ ಹೆಂಡತಿಯ ತಮ್ಮ ಬಂದ. ಅವನದು ಕನ್ನಡಕದಂಗಡಿ. ನೋಡುವುದಕ್ಕೆ ಸಂಬಂಧಪಟ್ಟ ವಿಷಯವೆಲ್ಲ ತನ್ನದೇ ಎಂಬ ನಂಬಿಕೆ.

"ಬಣ್ಣ ಸರಿಯಿಲ್ಲ ಭಾವ. ಹಳೇ ಪರದೆ ನಂಬ್ಕೊಂಡು ಫೋಟೊ ತಿದ್ದೋದು ಅಂದ್ರೆ ಬೇರೆಯವರ ಕನ್ನಡಕ ಹಾಕ್ಕೊಂಡು ರಸ್ತೆ ದಾಟಿದ ಹಾಗೆ," ಎಂದು ಪರದೆಯ ಗುಂಡಿಗಳನ್ನು ಒತ್ತತೊಡಗಿದ. ಬೆಟ್ಟಕ್ಕೆ ಹೋಗಿದ್ದ ಹದಿನಾಲ್ಕು ಜನರೂ ಹಸಿರಾದರು. ಇನ್ನೊಂದು ಗುಂಡಿ ಒತ್ತಿದಾಗ ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿದರು. ಮೂರನೆಯದಕ್ಕೆ ಎಲ್ಲರೂ ಮಾಯವಾದರು. ಅವರನ್ನು ವಾಪಸು ಕರೆತರಲು ಮುಕ್ಕಾಲು ಗಂಟೆ ಹಿಡಿಯಿತು.

"ಮೊದ್ಲು ಆ ಟೋಪಿ ಅಳಿಸಿ ನೋಡೋಣ. ಟೋಪಿ ಅಳಿಸಿದ್ರೆ ಮಷೀನು ಗಟ್ಟಿ ಅಂತ ಲೆಕ್ಕ," ಎಂದ ಮೆಕ್ಯಾನಿಕ್.

ಮ್ಯಾನೇಜರರ ಟೋಪಿಗೆ ಕೈಹಾಕಿದ್ದೇ ತಡ, ಕಂಪ್ಯೂಟರು ಉಸಿರು ಕಟ್ಟಿ ನಿಂತಿತು. ಇಪ್ಪತ್ತು ನಿಮಿಷ ಯಾವ ಗುಂಡಿಗೂ ಜಗ್ಗಲಿಲ್ಲ. ಬಿಸಿಯಾಗಿದೆ, ಗಾಳಿ ಹಾಕಿ ಎಂದ ಮೆಕ್ಯಾನಿಕ್. ಅಲ್ಪವಿರಾಮ ಮಾರನೆಯ ದಿನ ಒಪ್ಪಿಸಬೇಕಿದ್ದ ಕರಡು ಹಾಳೆಗಳನ್ನೇ ತಂದು ಬೀಸತೊಡಗಿದರು. ಅಷ್ಟು ಸಾಲದೆ ಮೆಕ್ಯಾನಿಕ್ ತನ್ನ ಮನೆಯಿಂದ ದೊಡ್ಡ ಫ್ಯಾನು ತಂದು ಸಿಕ್ಕಿಸಿದ. ಇಡೀ ಕಟ್ಟಡದ ಕರೆಂಟು ಹೋಯಿತು.

ಕೈಗೆಲ್ಲ ಸೋಪಿನ ನೊರೆ ಮೆತ್ತಿಕೊಂಡು ಎದುರು ಬಾಗಿಲಿನವಳು ಬಂದಳು. ಅದೇ ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ ಅವಳ ಕೆಲಸ. ಅಲ್ಪವಿರಾಮ ಅವರನ್ನು ಅಣ್ಣ ಎನ್ನುತ್ತಿದ್ದಳು, ಅವರ ಹೆಂಡತಿಯನ್ನು ಅತ್ತಿಗೆ ಎನ್ನುತ್ತಿದ್ದಳು. ಕೊನೆಯ ದಿನಗಳಲ್ಲಿ ಆಸ್ಪತ್ರೆಗೆ ಗಂಜಿ ಹೊತ್ತವಳೂ ಅವಳೇ.

"ನನ್ನ ವಾಷಿಂಗ್ ಮಷೀನು ನಿಂತ್ಹೋಯ್ತು. ಏನು ನಡೀತಿದೆ ಅಣ್ಣಾ ಇಲ್ಲಿ?"

"ಅಕ್ಕನ ಫೋಟೊ ದೊಡ್ಡದು ಮಾಡ್ತಿದೀವಿ," ಎಂದ ಕನ್ನಡಕದವನು.

ಅವಳ ಮುಖ ಮೆತ್ತಗಾಯಿತು. "ಅತ್ತಿಗೆಯದೊಂದು ಫೋಟೊ ಇದೆಯಾ? ನಂಗೆ ಹೇಳ್ಲೇ ಇಲ್ಲ," ಎಂದು ಸೀರೆಯಂಚಿಗೆ ಕೈ ಒರೆಸಿಕೊಂಡು ಕುರ್ಚಿ ಎಳೆದುಕೊಂಡಳು.

ಮೆಕ್ಯಾನಿಕ್ ಕೆಳಗಿಳಿದು ಫ್ಯೂಸು ಹಾಕಿ ಬಂದ. ಕರೆಂಟು ಬಂತು. ಈ ಸಲ ಅಲ್ಪವಿರಾಮ ಮೂವರನ್ನೂ ಕೈಸನ್ನೆಯಲ್ಲೇ ದೂರ ಕೂರಿಸಿ, ಟೋಪಿಯ ಗೋಜಿಗೆ ಹೋಗದೆ, ನೆರಳನ್ನಷ್ಟೇ ತೆಳುವಾಗಿಸಿದರು. ಹಿಂದಿನ ಸಾಲಿನ ಆ ಮೂಲೆಯನ್ನು ಕತ್ತರಿಸಿಕೊಂಡು ದೊಡ್ಡದಾಗಲಿ ಎಂದು ಗುಂಡಿ ಒತ್ತಿ ಕೈಕಟ್ಟಿ ಕೂತರು.

ಹಳೆಯ ಮಷೀನು ಮುಖವನ್ನು ಒಮ್ಮೆಗೇ ಕೊಡಲಿಲ್ಲ. ಮೇಲಿನಿಂದ ಕೆಳಕ್ಕೆ ಒಂದೊಂದೇ ಪಟ್ಟಿಯಾಗಿ ಇಳಿಸುತ್ತ ಬಂತು. ಮೊದಲು ಗಾಳಿಗೆ ಹಾರಿದ ಕೂದಲು. ಆಮೇಲೆ ಹಣೆ. ಆಮೇಲೆ ಒಂದು ಹುಬ್ಬು, ಅದರ ಮೇಲೊಂದು ಸಣ್ಣ ಗಾಯದ ಗೆರೆ.

ಕನ್ನಡಕದವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ಚಿಕ್ಕವಳಿದ್ದಾಗ ಉಯ್ಯಾಲೆಯಿಂದ ಬಿದ್ದ ಗಾಯ ಭಾವ. ನಾನೇ ತೂಗ್ತಿದ್ದೆ."

ಅಲ್ಪವಿರಾಮರಿಗೆ ಅಂಥ ಗಾಯ ನೆನಪಿರಲಿಲ್ಲ. ಇಪ್ಪತ್ನಾಲ್ಕು ವರ್ಷ ಎದುರು ಕೂತು ಉಂಡ ಮುಖ. ಆರೇ ತಿಂಗಳಲ್ಲಿ ಇಷ್ಟು ಮರೆತೆನೇ ಎಂದುಕೊಂಡರು. ಊರವರ ತಪ್ಪೆಲ್ಲ ಹಿಡಿಯುವ ಕಣ್ಣು, ಹೆಂಡತಿಯ ಹುಬ್ಬನ್ನು ಸರಿಯಾಗಿ ನೋಡಿರಲಿಲ್ಲ. ಅವರು ಪರದೆಗೆ ಇನ್ನಷ್ಟು ಹತ್ತಿರ ಬಾಗಿದರು.

ಕಣ್ಣು ಇಳಿಯಿತು. ಮೂಗಿನ ಒಂದು ಬದಿ ಇಳಿಯಿತು. ತುಟಿಯ ಅಂಚು ಇಳಿಯಿತು.

ಹಿಂದೆ ಕೂತಿದ್ದವಳು ಮೆಲ್ಲಗೆ ತನ್ನ ಹುಬ್ಬನ್ನು ಮುಟ್ಟಿಕೊಂಡಳು. "ಅಣ್ಣಾ," ಎಂದಳು. ಯಾರೂ ತಿರುಗಲಿಲ್ಲ. ಇನ್ನೊಮ್ಮೆ ಕರೆದಳು. "ಅಣ್ಣಾ, ಅದು ನಾನು."

ಈಗ ಮೂವರೂ ತಿರುಗಿದರು.

"ಈ ಗೆರೆ ಕಟಿಂಗ್ ಮಷೀನಿನ ಹಿಡಿ ಬಡಿದದ್ದು. ಆವತ್ತು ಗಾಳಿಗೆ ನಾನು ನಡುಗ್ತಿದ್ದೆ. ಅತ್ತಿಗೆ ತಮ್ಮ ಸ್ವೆಟರ್ ಬಿಚ್ಚಿ ನಂಗೆ ಹಾಕಿದ್ರು. ಬೇಡ ಅಂದ್ರೂ ಕೇಳ್ಲಿಲ್ಲ."

ಕನ್ನಡಕದವನು ಉಯ್ಯಾಲೆಯ ಮಾತನ್ನು ಮತ್ತೆ ಎತ್ತಲಿಲ್ಲ. ಮೆಕ್ಯಾನಿಕ್ ತನ್ನ ಸ್ಕ್ರೂಡ್ರೈವರನ್ನು ಹುಡುಕುವವನಂತೆ ನೆಲ ನೋಡಿದ.

"ಹಾಗಾದ್ರೆ ಅವಳು..." ಎಂದರು ಅಲ್ಪವಿರಾಮ.

"ಎಲ್ಲಿದ್ರು ಅಂತಾನಾ? ಫೋಟೊ ತೆಗೀತಿದ್ದವರೇ ಅವರಲ್ವಾ. ಬಸ್ ಡ್ರೈವರನ ಕೈ ನಡುಗುತ್ತೆ, ಕೊಡಪ್ಪಾ ಇಲ್ಲಿ ಅಂತ ಕ್ಯಾಮೆರಾ ಇಸ್ಕೊಂಡ್ರು. ಅವರಿಗೆ ಅದೇ ಬೇಕಿತ್ತು ಅನ್ನಿ, ಕ್ಯಾಮೆರಾ ಹಿಂದೆ ನಿಂತ್ರೆ ಯಾರೂ ಅವರನ್ನ ಹಿಡಿಯಂಗಿಲ್ಲ." ಅವಳು ಅಲ್ಪವಿರಾಮರತ್ತ ತಿರುಗಿದಳು. "ನಿಮ್ಗೆ ಮೂರು ಸಲ ಹೇಳಿದ್ರು ಅಣ್ಣಾ, ರೀ, ಇಲ್ನೋಡಿ, ನನ್ನ ಕಡೆ, ಅಂತ. ನೆನಪಿಲ್ವಾ?"

ನೆನಪಿರಲಿಲ್ಲ. ಅಲ್ಪವಿರಾಮ ಫೋಟೊದ ಮುಂದಿನ ಸಾಲಿಗೆ ಹೋದರು. ಎಡದಿಂದ ಮೂರನೆಯವರು ಅವರೇ. ಇಷ್ಟು ದಿನ ಆ ಮುಖವನ್ನು ಅವರು ನೋಡಿಯೇ ಇರಲಿಲ್ಲ. ಅದನ್ನು ಕತ್ತರಿಸಿಕೊಂಡು, ದೊಡ್ಡದು ಮಾಡಲು ಗುಂಡಿ ಒತ್ತಿದರು. ಮತ್ತೆ ಪಟ್ಟಿ ಪಟ್ಟಿಯಾಗಿ ಬೋಳು ಹಣೆ ಇಳಿಯಿತು, ಹುಬ್ಬು ಇಳಿಯಿತು. ಆಮೇಲೆ ಕಣ್ಣುಗಳು.

ಎರಡೂ ಮುಚ್ಚಿದ್ದವು.

ಮೆಕ್ಯಾನಿಕ್ ಪರದೆಯ ಹತ್ತಿರ ಬಂದು, "ಕಣ್ಣು ತೆರೆಸಬಹುದು ಸರ್. ಬೇರೆ ಫೋಟೊದಿಂದ ತಂದು ಕೂರಿಸ್ತಾರಂತೆ," ಎಂದ.

"ಬೇಡಪ್ಪ," ಎಂದರು ಅಲ್ಪವಿರಾಮ.

ಐದಕ್ಕೆ ಡಿಸೈನರ್ ಬಂದ. ಬಾಗಿಲಲ್ಲೇ ನಿಂತು, "ಏನ್ ಸರ್, ಆಗುತ್ತಾ ಫೋಟೊ ಕೆಲಸಕ್ಕೆ?" ಎಂದು ಕೇಳಿದ.

"ತುಂಬ ಚೆನ್ನಾಗಿ ಆಗುತ್ತೆ. ನಿಧಾನ, ಆದ್ರೆ ಒಂದೂ ಬಿಡದೆ ತೋರಿಸುತ್ತೆ. ಸಂಗೀತ ಶಾಲೆಯವರಿಗೆ ಕೊಟ್ಬಿಡು," ಎಂದು ಅವರು ಎಲ್ಲಿಯೂ ನಿಲ್ಲದೆ ಹೇಳಿ ಮುಗಿಸಿದರು. ಡಿಸೈನರನಿಗೆ ಅರ್ಥವಾಗಲಿಲ್ಲ. ಆದರೂ ಮೆಕ್ಯಾನಿಕ್ ಒಂದು ಬದಿ ಹಿಡಿದದ್ದರಿಂದ ಮೂರು ಮಹಡಿ ಇಳಿಸುವುದು ಸುಲಭವಾಯಿತು.

ಅವರನ್ನು ಕಳಿಸಿ ಒಳಗೆ ಬಂದಾಗ ಎದುರು ಬಾಗಿಲಿನವಳು ಹೋಗಿದ್ದಳು. ಕನ್ನಡಕದವನು ಬೀರುವಿನ ಮುಂದೆ ನಿಂತು, ಆ ಅಂಗೈಯಗಲದ ಫೋಟೊವನ್ನು ಕೈ ಚಾಚಿ ಹಿಡಿದುಕೊಂಡಿದ್ದ. ಕನ್ನಡಕ ತಲೆಯ ಮೇಲಿತ್ತು.

"ಭಾವ, ಇಷ್ಟು ದೂರ ಹಿಡಿದು, ಕಣ್ಣು ಸ್ವಲ್ಪ ಕಿರಿದು ಮಾಡಿ ನೋಡಿ. ಈಗ್ಲೂ ಅಕ್ಕನ ಹಾಗೇ ಕಾಣ್ತಾಳೆ."

ಅಲ್ಪವಿರಾಮ ಫೋಟೊ ಇಸಿದುಕೊಂಡರು. ತೋಳು ಪೂರ್ತಿ ಚಾಚಿ, ಕಣ್ಣು ಕಿರಿದು ಮಾಡಿ ನೋಡಿದರು. ಕಿಟಕಿಯ ಬಳಿ ಹೋಗಿ ಬೆಳಕಿಗೆ ಬೆನ್ನು ತಿರುಗಿಸಿಯೂ ನೋಡಿದರು.

ಎಷ್ಟು ನೋಡಿದರೂ ಎದುರು ಮನೆಯವಳೇ ಕಂಡಳು.