ಸಂಸತ್ತಿಗೆ ಹೋದ ನನ್ನ ಸಂತೃಪ್ತಿ

ಅರ್ಜಿ ಬರೆಯುವ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯವನಲ್ಲ. ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ, ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು. ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಆಟೋದಲ್ಲಿ ಹೋಗಬೇಕಾದ ನಮ್ಮ ಗುಡ್ಡೆಯ ಹದಿನೆಂಟು ಮನೆಗಳಲ್ಲಿ ಯಾರಿಗೆ ಯಾವ ಅರ್ಜಿ ಬೇಕಾದರೂ ನನ್ನ ಜಗಲಿಗೇ ಬರುತ್ತಾರೆ. ನಾನು ‘ವಿನಮ್ರ ವಿಜ್ಞಾಪನೆ’ ಎಂದು ಶುರುಮಾಡಿದರೆ ಸರಕಾರ ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತದೆ ಎಂದೇ ನಂಬಿದ್ದೆ.

ಹಾಗಾಗಿ ತಂತಿಯ ಅರ್ಜಿಯನ್ನೂ ನಾನೇ ಬರೆದೆ.

ತಂತಿ ಎಂದರೆ ಕರೆಂಟಿನ ತಂತಿ. ನಮ್ಮ ಗುಡ್ಡೆಗೆ ಬರುವ ಲೈನಿನ ಎರಡು ಕಂಬಗಳು ವಾಲಿ, ತಂತಿ ಕಾಲುದಾರಿಯ ಮೇಲೆ ಜೋತುಬಿದ್ದಿತ್ತು. ಎತ್ತರದವರು ತಲೆ ತಗ್ಗಿಸಿ ನಡೆಯಬೇಕು. ಮಳೆ ಬಂದರೆ ಅಲ್ಲಿ ಕೊಡೆ ಮಡಚಿಕೊಂಡು ಒದ್ದೆಯಾಗಬೇಕು. ನಾಲ್ಕು ವರ್ಷದ ಹಿಂದೆ ನೆರೆಮನೆಯ ಗಿರಿಜಕ್ಕ ತಲೆಯ ಮೇಲೆ ಹುಲ್ಲಿನ ಹೊರೆ ಇಟ್ಟುಕೊಂಡು ಬರುವಾಗ ಅದೇ ತಂತಿ ತಾಗಿತು. ಜೀವ ಉಳಿಯಿತು. ಬಲಗೈಯ ಬೆರಳುಗಳು ಮಾತ್ರ ಆಮೇಲೆ ಮಡಚಲಿಲ್ಲ. ಊರಿಗೆಲ್ಲ ರವಿಕೆ ಹೊಲಿದು ಬದುಕುತ್ತಿದ್ದ ಹೆಂಗಸು!

ಗಿರಿಜಕ್ಕ ಪರಿಹಾರಕ್ಕೆ ಕೇಸು ಹಾಕಿದಳು. “ನಮ್ಮ ಲೈನು ಸರಿಯಾಗಿದೆ, ಹುಲ್ಲಿನ ಹೊರೆಯೇ ಎತ್ತರವಾಗಿತ್ತು” ಎಂದು ಕರೆಂಟಿನವರು ಉತ್ತರ ಕೊಟ್ಟರು. ತಪ್ಪು ಹುಲ್ಲಿನದು! ಅಂದಿನಿಂದ ಕೋರ್ಟು ದಿನಾಂಕ ಕೊಡುತ್ತಾ ಇದೆ, ತಂತಿ ನೇತಾಡುತ್ತಾ ಇತ್ತು.

ನನಗೆ ಸಿಟ್ಟು ಬಂದರೆ ಸಂಸ್ಕೃತ ಪದಗಳು ಹೆಚ್ಚುತ್ತವೆ. ಅರ್ಜಿ ಎಂಟು ಪುಟವಾಯಿತು. “ಸದರಿ ತಂತಿಯು ಭೂಮಿಯನ್ನು ಆಲಿಂಗಿಸುವ ಹವಣಿಕೆಯಲ್ಲಿದ್ದು, ಪ್ರಜೆಗಳ ಪ್ರಾಣಪಕ್ಷಿಗಳು ಅದರ ಮೇಲೆಯೇ ಕುಳಿತಿವೆ” ಎಂಬ ವಾಕ್ಯವನ್ನು ಹೆಂಡತಿ ಶಾರದೆಗೆ ಓದಿ ಹೇಳಿದೆ.

“ತಂತಿ ಕೆಳಗೆ ಬಂದಿದೆ, ಮೇಲೆ ಕಟ್ಟಿ ಅಂತ ಬರೆದ್ರೆ ಸಾಲುದಿಲ್ವಾ?” ಎಂದಳು.

ಇಂಥವರ ನಡುವೆ ಸಾಹಿತ್ಯ ಬೆಳೆಯುವುದು ಹೇಗೆ?

ಎಂಟು ಪುಟವನ್ನು ಹಿಡಿದು ವಿದ್ಯಾನಗರದ ಕರೆಂಟು ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತ ಮೊದಲ ಪುಟವನ್ನು ನೇರ ಹಿಡಿದು ನೋಡಿದ, ಆಮೇಲೆ ದೂರ ಹಿಡಿದು ನೋಡಿದ.

“ಕನ್ನಡವಾ ಮಾಷೇ?” ಮಲಯಾಳದವರು ಮಾಸ್ಟ್ರಿಗೆ ಮಾಷ್ ಎನ್ನುತ್ತಾರೆ.

“ಹೌದು, ಕನ್ನಡ. ಇದು ಕಾಸರಗೋಡು. ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ಉಂಟು ನಮಗೆ.”

“ಹಕ್ಕು ಉಂಟು, ಓದುವವರು ಇಲ್ಲ. ಇದ್ದವರಿಗೆ ಟ್ರಾನ್ಸ್‌ಫರ್ ಆಯ್ತು.”

ನಾನು ಕೌಂಟರಿನ ಮುಂದೆ ಅರ್ಧ ಗಂಟೆ ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಬಗ್ಗೆ ಭಾಷಣ ಮಾಡಿದೆ. ಅವನು ಪೂರ್ತಿ ಕೇಳಿ, ಅರ್ಜಿಗೆ ಮೊಹರು ಹೊಡೆದು, ಒಂದು ಕಪಾಟಿನೊಳಗೆ ಇಟ್ಟ. ಆ ಕಪಾಟಿನೊಳಗೆ ಕನ್ನಡದಲ್ಲಿ ಬರೆದ ಕಾಗದಗಳೇ ತುಂಬಿದ್ದವು. ಸಮಾಧಿ ನೋಡಿದ ಹಾಗಾಯಿತು!

ಆಗಲೇ ಎಂಪಿ ಮೇಡಂ ಮುಳ್ಳೇರಿಯಕ್ಕೆ ಬಂದರು. ವಿರೋಧ ಪಕ್ಷದ ರಾಜ್ಯಸಭಾ ಸದಸ್ಯೆ, ಮೊದಲು ವಕೀಲೆಯಾಗಿದ್ದವರು. ಹಳ್ಳಿಯ ಕರೆಂಟು, ಕೋರ್ಟಿನಲ್ಲಿ ಕೊಳೆಯುವ ಬಡವರ ಕೇಸು, ಇವೆರಡನ್ನು ಹಿಡಿದು ದೆಹಲಿಯಲ್ಲಿ ಮಂತ್ರಿಗಳನ್ನು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡುವವರು. ನಾನು ಎಂಟು ಪುಟದ ನಕಲನ್ನು ಮುಂದೆ ಚಾಚಿದೆ. ಅವರು ಅದನ್ನು ಪಕ್ಕಕ್ಕಿಟ್ಟು ಗಿರಿಜಕ್ಕನ ಕೈ ಹಿಡಿದು, ಒಂದೊಂದೇ ಬೆರಳು ಮುಟ್ಟಿ, ಮಲಯಾಳದಲ್ಲಿ ಎಲ್ಲ ಕೇಳಿ ತಿಳಿದುಕೊಂಡರು. ಮಲಯಾಳ ಮಾತು ನಮಗೆಲ್ಲ ಬರುತ್ತದೆ. ನನಗೆ ಓದಲು ಬರುವುದು ಬಸ್ಸಿನ ಬೋರ್ಡು ಮಾತ್ರ.

ಹಳ್ಳಿಯ ಹಳೆಯ ಲೈನು ಸರಿಮಾಡುವ ಕೇಂದ್ರದ ಯೋಜನೆಯೊಂದರ ಪಟ್ಟಿಯಲ್ಲಿ ನಮ್ಮ ಗುಡ್ಡೆಯ ಹೆಸರಿನ ಮುಂದೆ ‘ಕೆಲಸ ಪೂರ್ಣ’ ಎಂದು ಬರೆದಿದೆಯಂತೆ! ಅದನ್ನು ಮೇಡಂ ಹುಡುಕಿ ತೆಗೆದರು. ಈ ಅಧಿವೇಶನದಲ್ಲೇ ಕೇಳುತ್ತೇನೆ ಎಂದರು.

ಹೊರಡುವಾಗ ಅವರ ಸಹಾಯಕ, ಕುಂಬಳೆಯ ಅಶ್ರಫ್, ನನ್ನನ್ನು ಬದಿಗೆ ಕರೆದರು. “ಮಾಸ್ಟ್ರೇ, ಇನ್ನು ಆಫೀಸಿನವರು ಎಂತ ಕಾಗದ ತಂದ್ರೂ ಮೊದಲು ಫೋಟೋ ತೆಗೆದು ನಂಗೆ ಕಳಿಸಿ, ಆಯ್ತಾ?”

ಕಾಗದದ ವಿಷಯದಲ್ಲಿ ನನಗೆ ಬುದ್ಧಿ ಹೇಳುವುದೇ! ನಕ್ಕು ಸುಮ್ಮನಾದೆ.

ಎರಡು ವಾರದಲ್ಲಿ ಕರೆಂಟಿನವರ ಜೀಪು ಬಂತು. ಇಬ್ಬರು ಇಳಿದರು. ಒಂದು ಬಿದಿರಿನ ಕೋಲು ತಂದು ತಂತಿಯ ಕೆಳಗೆ ಊರುಗೋಲಿನ ಹಾಗೆ ನಿಲ್ಲಿಸಿದರು. ತಂತಿ ಒಂದು ಗೇಣು ಮೇಲೇರಿತು. ಆಮೇಲೆ ನನ್ನ ಜಗಲಿಗೆ ಬಂದು ಮಲಯಾಳದಲ್ಲಿ ಅಚ್ಚಾದ ಕಾಗದವೊಂದನ್ನು ಮುಂದಿಟ್ಟು, “ಇಲ್ಲಿ ಒಂದು ಸಹಿ, ಮಾಷೇ” ಎಂದರು.

ಒಳಗಿನಿಂದ ಶಾರದೆ ಬಂದಳು. ಅವಳ ಅಕ್ಕ ಇರುವುದು ಕಾಞಂಗಾಡಿನಲ್ಲಿ. ಅಲ್ಲಿ ಹೋಗಿ ಬಂದು ಮಲಯಾಳ ಪತ್ರಿಕೆ ಓದುವಷ್ಟು ಕಲಿತಿದ್ದಾಳೆ. “ಇಲ್ಲಿ ಕೊಡಿ, ನೋಡ್ತೇನೆ” ಎಂದಳು.

“ನೀನು ಚಾ ಮಾಡು” ಎಂದೆ.

ಅಕ್ಷರ ಕೂಡಿಸಿ ಕೂಡಿಸಿ ‘ಪರಾತಿ’ ಎಂಬ ಒಂದು ಪದ ಓದಿದೆ. ಪರಾತಿ ಎಂದರೆ ದೂರು. ನನ್ನ ದೂರು ಮುಟ್ಟಿದೆ ಎಂಬುದಕ್ಕೆ ರಸೀದಿ ಇರಬೇಕು ಎಂದು ತೀರ್ಮಾನಿಸಿ, ಸಹಿ ಹಾಕಿ, ಕೆಳಗೆ ‘ನಿವೃತ್ತ ಮುಖ್ಯೋಪಾಧ್ಯಾಯ’ ಎಂದು ಸೇರಿಸಿ, ಅದಕ್ಕೆ ಗೆರೆಯನ್ನೂ ಎಳೆದೆ. ಅಷ್ಟು ಸಾಲದೆಂದು ಇಬ್ಬರಿಗೂ ಚಹಾ ಮತ್ತು ಅವಲಕ್ಕಿ ಕೊಟ್ಟೆ!

ಅಧಿವೇಶನದಲ್ಲಿ ನಮ್ಮ ಪ್ರಶ್ನೆ ಬಂದ ದಿನ ಮಧ್ಯಾಹ್ನ ಅಶ್ರಫ್ ಫೋನ್ ಮಾಡಿದರು. ಸ್ವರವೇ ಸರಿಯಿರಲಿಲ್ಲ.

“ಮಾಸ್ಟ್ರೇ, ನೀವು ಎಂತ ಮಾಡಿದ್ದು ಮಾರಾಯ್ರೆ?”

“ಎಂತಾಯ್ತು?”

“ಮೇಡಂ ಎದ್ದು ಕೇಳಿದ್ರು, ಆ ಹೆಂಗಸಿನ ಕೈ ಹೋದ ತಂತಿ ಇನ್ನೂ ನೇತಾಡ್ತಾ ಉಂಟಲ್ಲ ಅಂತ. ಮಂತ್ರಿ ಒಂದು ಕಾಗದ ಎತ್ತಿ ತೋರಿಸಿದ್ರು. ದೂರು ಕೊಟ್ಟವರೇ ತೃಪ್ತಿಯಾಗಿದೆ ಅಂತ ಸಹಿ ಹಾಕಿದ್ದಾರೆ, ಅದೂ ಹೆಡ್‌ಮಾಸ್ಟ್ರು ಅಂತ. ಆಚೆ ಬದಿಯವರೆಲ್ಲ ಮೇಜು ಕುಟ್ಟಿ ನಕ್ಕರು.”

ಕಾಗದದ ಫೋಟೋ ನನ್ನ ಫೋನಿಗೆ ಬಂತು. ಶಾರದೆ ಕನ್ನಡಕ ಏರಿಸಿ ಓದಿದಳು: “ಪರಾತಿ ಪೂರ್ಣಮಾಯುಂ ಪರಿಹರಿಚ್ಚು. ಞಾನ್ ಸಂತೃಪ್ತನಾಣ್.”

ದೂರು ಪೂರ್ತಿ ಪರಿಹಾರವಾಗಿದೆ, ನಾನು ಸಂತೃಪ್ತನಾಗಿದ್ದೇನೆ. ಯಾರಾದರೂ ಓದಿ ಹೇಳಿದ್ದರೆ ನಮ್ಮ ಮನೆಯ ದನಕ್ಕೂ ಅರ್ಥವಾಗುತ್ತಿತ್ತು!

ಅದು ಅಲ್ಲಿಗೇ ಮುಗಿಯಲಿಲ್ಲ. ಮುಂದಿನ ದಿನಾಂಕದಂದು ಕರೆಂಟಿನವರ ವಕೀಲ ಅದೇ ಕಾಗದವನ್ನು ಕೋರ್ಟಿನಲ್ಲಿಯೂ ಇಟ್ಟ. ಊರಿನ ಮಾಸ್ಟ್ರೇ ಒಪ್ಪಿದ್ದಾರೆ, ಲೈನು ಸರಿಯಾಗಿದೆ ಎಂದ. ಸಂಜೆ ಬಸ್ಸಿಳಿದ ಗಿರಿಜಕ್ಕ ತನ್ನ ಮನೆಗೂ ಹೋಗದೆ ನೇರ ನಮ್ಮ ಜಗಲಿಗೆ ಬಂದಳು. ಕೂರಲಿಲ್ಲ.

“ಮಾಸ್ಟ್ರೇ, ನಿಮಗೆ ಯಾವುದರಲ್ಲಿ ತೃಪ್ತಿ ಆದದ್ದು? ಬಿದಿರಿನ ಕೋಲಿನಲ್ಲಾ, ನನ್ನ ಕೈಯಲ್ಲಾ?”



ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ವಿದ್ಯಾನಗರಕ್ಕೆ ಹೋದೆ. ಅಷ್ಟು ಸಿಟ್ಟು ನನಗೆ ಜನ್ಮದಲ್ಲಿ ಬಂದಿರಲಿಲ್ಲ. “ಓದಲು ಬಾರದ ಭಾಷೆಯಲ್ಲಿ ಸಹಿ ತೆಗೆದುಕೊಳ್ಳುದು ಯಾವ ನ್ಯಾಯ? ಒಬ್ಬ ಹೆಂಗಸಿನ ಕೈ ತಿಂದು, ಈಗ ಅವಳ ಕೇಸನ್ನೂ ತಿನ್ನುದಾ?” ಎಂದು ಕೂಗಿದೆ. ಸರತಿಯಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಗುಮಾಸ್ತ ಮಾತ್ರ ತಣ್ಣಗೆ ಕುಳಿತಿದ್ದ.

“ಸಹಿ ನಿಮ್ಮದೇ ಅಲ್ವಾ, ಮಾಷೇ?”

“ನನ್ನದೇ! ವಾಪಸ್ ತೆಗೆದುಕೊಳ್ತೇನೆ. ನನಗೆ ತೃಪ್ತಿ ಇಲ್ಲ!”

ಅವನು ಮೇಜಿನ ಖಾನೆಗಳನ್ನೆಲ್ಲ ಪ್ರಾಮಾಣಿಕವಾಗಿ ಹುಡುಕಿದ. “ದೂರು ಕೊಡುವ ಫಾರ್ಮ್ ಉಂಟು. ತೃಪ್ತಿಯ ಫಾರ್ಮ್ ಉಂಟು. ತೃಪ್ತಿ ವಾಪಸ್ ತೆಗೆಯುವ ಫಾರ್ಮ್ ಇಲ್ಲ, ಮಾಷೇ.”

ನಾಚಿಕೆ ಬಿಟ್ಟು ಮೇಡಂಗೆ ಫೋನ್ ಮಾಡಿದೆ. ಬಯ್ಯುತ್ತಾರೆಂದು ಕಾದೆ, ಬಯ್ಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. “ಒಂದೇ ದಾರಿ ಇದೆ” ಎಂದರು. “ಆ ಕಾಗದ ಓದಲು ನಿಮಗೆ ಬರುವುದಿಲ್ಲ ಎಂದು ಪ್ರಮಾಣಪತ್ರ ಬರೆದು ಕೊಡಿ. ಕೋರ್ಟಿಗೆ ಒಂದು, ನನಗೊಂದು. ಈ ಜಿಲ್ಲೆಯಲ್ಲಿ ಕನ್ನಡದವರಿಗೆ ಕನ್ನಡದಲ್ಲಿ ಕಾಗದ ಯಾಕೆ ಕೊಡುವುದಿಲ್ಲ ಎಂದೂ ಕೇಳುತ್ತೇನೆ.”

ಮುಖ್ಯೋಪಾಧ್ಯಾಯನೊಬ್ಬ ತನಗೆ ಓದಲು ಬಾರದೆಂದು ಪ್ರಮಾಣ ಮಾಡುವುದೇ? ನನ್ನ ಹಳೆಯ ವಿದ್ಯಾರ್ಥಿಗಳ ಕಿವಿಗೆ ಬಿದ್ದರೆ? ಎರಡು ದಿನ ಊಟ ರುಚಿಸಲಿಲ್ಲ. ಬೇರೆ ದಾರಿ ಇದೆಯೇ ನೋಡೋಣ ಎಂದು ಶಾರದೆಯ ಹತ್ತಿರ ಹೇಳುತ್ತಿದ್ದೆ. ಬೇಲಿಯ ಆಚೆ ನಿಂತಿದ್ದ ಗಿರಿಜಕ್ಕನಿಗೆ ಕೇಳಿಸಿತು.

“ಮಾಸ್ಟ್ರೇ, ನಂಗೆ ಈಗ ಸೂಜಿಗೆ ನೂಲು ಹಾಕಲಿಕ್ಕೆ ಬರುದಿಲ್ಲ. ಅದನ್ನು ಕೋರ್ಟಿನಲ್ಲಿ ಅಷ್ಟು ಜನರ ಎದುರು ಮಾಡಿ ತೋರಿಸಿದೆ. ನಿಮಗೆ ಓದಲಿಕ್ಕೆ ಬರುದಿಲ್ಲ ಅಂತ ಹೇಳಲಿಕ್ಕೆ ಇಷ್ಟು ಕಷ್ಟವಾ?”

ಶಾರದೆ ನನ್ನ ಚಪ್ಪಲಿ ತಂದು ಮೆಟ್ಟಿಲಿನಲ್ಲಿಟ್ಟಳು.

ಕಾಸರಗೋಡಿಗೆ ಹೋಗಿ ನೋಟರಿಯ ಎದುರು ಬರೆದುಕೊಟ್ಟೆ: “ಸದರಿ ಕಾಗದವು ಮಲಯಾಳದಲ್ಲಿದ್ದು, ಅದನ್ನು ಓದಲು ನನಗೆ ಬಾರದು.” ನನ್ನ ಜೀವನದ ಅತ್ಯಂತ ಚಿಕ್ಕ ಬರಹ. ಕೆಲಸ ಮಾಡಿದ್ದೂ ಅದೊಂದೇ!

ಮೇಡಂ ಮತ್ತೆ ಎದ್ದು ನಿಂತರು. ಬಿದಿರಿನ ಕೋಲಿನ ಫೋಟೋ, ನನ್ನ ಪ್ರಮಾಣಪತ್ರ, ಗಿರಿಜಕ್ಕನ ಕೇಸು ಮುಂದೂಡಿದ ದಿನಾಂಕಗಳ ಪಟ್ಟಿ, ಎಲ್ಲವನ್ನೂ ಸಭೆಯ ಮುಂದಿಟ್ಟರು. ಈ ಸಲ ಯಾರೂ ಮೇಜು ಕುಟ್ಟಲಿಲ್ಲವಂತೆ. ಕೆಲವು ದಿನಗಳ ನಂತರ ಮಂತ್ರಿಯ ಲಿಖಿತ ಉತ್ತರ ಬಂತು. ಅಶ್ರಫ್ ಅದನ್ನು ಫೋನಿನಲ್ಲಿ ಕನ್ನಡಕ್ಕೆ ತಿರುಗಿಸಿ ಓದಿದರು. ಹೊಸ ಕಂಬ ಹಾಕಲು ಆದೇಶವಾಗಿದೆ. ತನಿಖೆಯೂ ಆಗುತ್ತದೆ. ಮುಂದೆ ಒಂದು ಸಾಲು ಇತ್ತು. ಅಲ್ಲಿ ಅಶ್ರಫ್ ಕೆಮ್ಮಿದರು.

“ಹೇಳಿ, ಪರವಾಗಿಲ್ಲ” ಎಂದೆ.

“ಓದು ಬರಹ ಬಾರದ ವೃದ್ಧರೊಬ್ಬರಿಂದ ಸಹಿ ಪಡೆದಿರುವುದು ವಿಷಾದನೀಯ.”

ನನ್ನ ಪ್ರಮಾಣಪತ್ರದ ‘ಮಲಯಾಳ’ ಎಂಬ ಪದ ಕಾಸರಗೋಡಿಗೂ ದೆಹಲಿಗೂ ನಡುವೆ ಎಲ್ಲೋ ಇಳಿದುಹೋಗಿತ್ತು. ಸಂಸತ್ತಿನ ಕಡತದಲ್ಲಿ ನಾನು ಶಾಶ್ವತವಾಗಿ ನಿರಕ್ಷರಿ! ಅದೂ ವೃದ್ಧ!

ಕೋರ್ಟು ನನ್ನ ತೃಪ್ತಿಯ ಕಾಗದವನ್ನು ಬದಿಗಿಟ್ಟು ಗಿರಿಜಕ್ಕನಿಗೆ ಇನ್ನೊಂದು ದಿನಾಂಕ ಕೊಟ್ಟಿತು. ಅದನ್ನು ನೆನೆದಾಗಲೆಲ್ಲ ಈಗಲೂ ಮೈ ಉರಿಯುತ್ತದೆ. ಕಂಬಗಳು ಮಾತ್ರ ನಿಜಕ್ಕೂ ಬಂದವು. ಎರಡೂ ನೆಟ್ಟಗೆ ನಿಂತವು. ತಂತಿ ಆಕಾಶಕ್ಕೆ ಹೋಯಿತು. ಗಿರಿಜಕ್ಕ ಅದರ ಕೆಳಗೆ ಎಡಗೈಯಲ್ಲಿ ಕೊಡೆ ಬಿಡಿಸಿ ಎರಡು ಸಲ ಆಚೆ ಈಚೆ ನಡೆದಳು. ಮಳೆ ಇರಲಿಲ್ಲ.

ಕೆಲಸ ಮುಗಿದ ಮೇಲೆ ಜೀಪಿನವರು ಜಗಲಿಗೆ ಬಂದರು. ಈ ಸಲದ ಕಾಗದ ಕನ್ನಡದಲ್ಲೇ ಇತ್ತು! ನಾನು ಹೆಮ್ಮೆಯಿಂದ ಕಿಸೆಯ ಪೆನ್ನು ತೆಗೆದೆ. ಅವರಲ್ಲೊಬ್ಬ ಕೈ ಅಡ್ಡ ಹಿಡಿದು, ಚೀಲದಿಂದ ಶಾಯಿಯ ಪ್ಯಾಡು ತೆಗೆದು ನನ್ನ ಮುಂದಿಟ್ಟ.

“ಬೇಜಾರು ಮಾಡಬೇಡಿ ಮಾಷೇ. ಮೇಲಿನಿಂದ ಆರ್ಡರ್ ಉಂಟು. ನಿಮ್ಮದು ಹೆಬ್ಬೆಟ್ಟೇ ಆಗಬೇಕು.”

ವಾದಿಸಲು ಬಾಯಿ ತೆರೆದೆ. ಗಿರಿಜಕ್ಕ ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದಳು. ಬಾಯಿ ಮುಚ್ಚಿದೆ. ಶಾರದೆ ಕಾಗದವನ್ನು ಎರಡು ಸಲ ಓದಿ, ಆಗಬಹುದು ಎಂದು ತಲೆಯಾಡಿಸಿದಳು.

ಒತ್ತಿದೆ. ಮೊದಲನೆಯದು ಕಲಸಿಹೋಯಿತು, ಇನ್ನೊಮ್ಮೆ ಒತ್ತಬೇಕಾಯಿತು. ಅದಕ್ಕೂ ಸ್ವಲ್ಪ ವಿದ್ಯೆ ಬೇಕು!